ಲಿಂಕ್ವಿಟ್ಸ್ ತೀರಿಕೊಂಡರು: ನಮ್ಮ ಕಡೆ ಅವರ ಸ್ಪೀಕರ್ ಕಟ್ಟಿದವರು ಯಾರಿದ್ದೀರಿ?

ಸೋಲ್ಡರ್ ಹೊಗೆ, ಕುಂಜಿಬೆಟ್ಟು

ಸೀಗ್‌ಫ್ರೀಡ್ ಲಿಂಕ್ವಿಟ್ಸ್ 2018ರ ಸೆಪ್ಟೆಂಬರ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. 82 ವರ್ಷ ಆಗಿತ್ತು. ಚೌತಿ ಗೌಜಿಯಲ್ಲಿ ನನಗೆ ಸುದ್ದಿ ಸಿಕ್ಕಿದ್ದು ತಡವಾಗಿ.

ಹೆಸರು ಕೇಳದವರಿಗೆ ಒಂದು ಗುರುತು ಹೇಳುತ್ತೇನೆ. ಮೊನ್ನೆ ಮೆರವಣಿಗೆಯ ಡಿಜೆ ಲಾರಿಯಲ್ಲಿ ಬಾಸ್ ಪೆಟ್ಟಿಗೆಗೆ ಬೇರೆ, ಹಾರ್ನ್‌ಗೆ ಬೇರೆ ಸಿಗ್ನಲ್ ಹೋಗುತ್ತಿತ್ತಲ್ಲ, ಅದನ್ನು ಬೇರ್ಪಡಿಸುವ ಪ್ರೊಸೆಸರ್ ಮೆನುವಿನಲ್ಲಿ ‘ಎಲ್‌ಆರ್ 24’ ಅಂತ ಒಂದು ಆಯ್ಕೆ ಇರುತ್ತದೆ. ಅದರಲ್ಲಿ ಎಲ್ ಅಂದರೆ ಈ ಲಿಂಕ್ವಿಟ್ಸ್. ಆರ್ ಅಂದರೆ ಅವರ ಜೊತೆ ಕೆಲಸ ಮಾಡುತ್ತಿದ್ದ ರಸ್ ರೈಲಿ.

1935ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಡಾರ್ಮ್‌ಸ್ಟಾಟ್‌ನಲ್ಲಿ ಓದಿ, 1961ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹ್ಯೂಲೆಟ್ ಪ್ಯಾಕರ್ಡ್ ಸೇರಿದರು. ಮೂವತ್ತಕ್ಕೂ ಜಾಸ್ತಿ ವರ್ಷ ಅಲ್ಲಿ ರೇಡಿಯೋ ಮತ್ತು ಮೈಕ್ರೋವೇವ್ ಅಳತೆಯ ಉಪಕರಣ ತಯಾರಿಸಿದರು. ಸ್ಪೀಕರ್ ಎಲ್ಲ ಆಫೀಸು ಮುಗಿಸಿ ಬಂದ ಮೇಲಿನ ಹುಚ್ಚು.

ನನಗೆ ಗೌರವ ಬಂದದ್ದು ಅವರ ಬರವಣಿಗೆ ಓದಿ. ಸ್ಪೀಕರ್ ಹೇಗೆ ಕೆಲಸ ಮಾಡುತ್ತದೆ, ಕೋಣೆ ಅದನ್ನು ಹೇಗೆ ಕೆಡಿಸುತ್ತದೆ ಅನ್ನುವುದನ್ನು ಲೆಕ್ಕ, ಅಳತೆ, ಸರ್ಕ್ಯೂಟು ಸಮೇತ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿದರು. ತಮ್ಮದೇ ಹಳೆಯ ವಿನ್ಯಾಸದಲ್ಲಿ ಎಲ್ಲಿ ಕೊರತೆ ಇತ್ತು ಅಂತಲೂ ಬರೆದರು. ಕಾಸು ತಗೊಂಡು ಪ್ಲಾನ್ ಮಾರುವವರು ಹಾಗೆ ಬರೆಯುತ್ತಾರಾ?

ಎರಡು ಪ್ರಶ್ನೆ. ಮಂಗಳೂರು–ಉಡುಪಿ ಕಡೆ ಅವರ ಓರಿಯನ್, ಪ್ಲೂಟೊ, ಎಲ್‌ಎಕ್ಸ್ 521, ಎಲ್‌ಎಕ್ಸ್‌ಮಿನಿ ಯಾವುದಾದರೂ ಕಟ್ಟಿದವರು ಇದ್ದೀರಾ? ಇದ್ದರೆ ಒಂದು ದಿನ ಸೇರಿ ಕೇಳಬಹುದು. ಎರಡನೆಯದು, ಆ ಸೈಟನ್ನು ಯಾರಾದರೂ ಪೂರ್ತಿ ಇಳಿಸಿಟ್ಟುಕೊಂಡಿದ್ದೀರಾ? ಮನುಷ್ಯ ಹೋದ ಮೇಲೆ ಸೈಟು ಎಷ್ಟು ದಿನ ಇರುತ್ತದೋ ಯಾರಿಗೆ ಗೊತ್ತು.

ಮೈಕ್‌ಸೆಟ್ ಮುಲ್ಕಿ

ಅಯ್ಯೋ ಮಾರಾಯ್ರೇ. ಆ ಎಲ್‌ಆರ್ 24 ನಾನು ದಿನಾ ಒತ್ತುತ್ತೇನೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಇವತ್ತೇ ಗೊತ್ತಾದದ್ದು. ನಮಗೆ ಕಲಿಸಿದವರು "ಅದನ್ನೇ ಇಡು, ಬೇರೆ ಮುಟ್ಟಬೇಡ" ಅಂದಿದ್ದರು, ಅಷ್ಟೇ. ಯಾಕೆ ಅಂತ ಯಾರೂ ಹೇಳಲಿಲ್ಲ.

ಹಳೇ ರೇಡಿಯೋ

ಓಂ ಶಾಂತಿ. ದೊಡ್ಡ ಮನುಷ್ಯ. ಓಪನ್ ಬ್ಯಾಫಲ್ ಸ್ಪೀಕರ್ ಕಂಡುಹಿಡಿದವರೇ ಇವರು.

ಸುರತ್ಕಲ್ ಹಳಬ

ಅಲ್ಲ ಸಾರ್. ಪೆಟ್ಟಿಗೆ ಇಲ್ಲದ, ಮುಂದೆ ಹಿಂದೆ ಎರಡೂ ಕಡೆ ಸದ್ದು ಬಿಡುವ ಸ್ಪೀಕರ್ ಅವರಿಗಿಂತ ಎಷ್ಟೋ ಹಿಂದಿನದು. ಪೀಟರ್ ವಾಕರ್ ಮಾಡಿದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ 1957ರದ್ದು, ಅದೂ ಡೈಪೋಲೇ, ಅಂದರೆ ಹೀಗೆ ಎರಡೂ ಕಡೆ ಸದ್ದು ಬಿಡುವಂಥದ್ದೇ. ಲಿಂಕ್ವಿಟ್ಸ್ ಮಾಡಿದ್ದು ಅದನ್ನು ಸಾಧಾರಣ ಕೋನ್ ಡ್ರೈವರ್ (ಸ್ಪೀಕರಿನಲ್ಲಿ ಸದ್ದು ಹೊರಡಿಸುವ ಭಾಗ) ಇಟ್ಟು ಬಾಸ್‌ವರೆಗೆ ಇಳಿಸಿದ್ದು, ಅದಕ್ಕೆ ಬೇಕಾದ ಇಕ್ವಲೈಜರ್ ಲೆಕ್ಕ ಬರೆದಿಟ್ಟದ್ದು.

ಮುಲ್ಕಿಯವರೇ, ನಿಮ್ಮ "ಯಾಕೆ"ಗೆ ಉತ್ತರ. ಎರಡು ಡ್ರೈವರ್ ಸೇರುವ ಜಾಗದಲ್ಲಿ ಎರಡೂ ಒಂದೇ ಸ್ವರ ನುಡಿಸುತ್ತವೆ. ಬಟರ್‌ವರ್ತ್ 18 (ಸಿಗ್ನಲ್ ಬೇರ್ಪಡಿಸುವ ಇನ್ನೊಂದು ಬಗೆಯ ಫಿಲ್ಟರ್; ಅಂಕಿ ಏರಿದಷ್ಟು ಬೇರ್ಪಡಿಸುವುದು ಚುರುಕು) ಇಟ್ಟರೆ ಆ ಜಾಗದಲ್ಲಿ ಎರಡೂ 3 ಡೆಸಿಬೆಲ್ ಕೆಳಗೆ ಇರುತ್ತವೆ, ಆದರೆ ಫೇಸು, ಅಂದರೆ ಅಲೆಯ ಹೆಜ್ಜೆ, ಒಂದಕ್ಕೊಂದು 90 ಡಿಗ್ರಿ ಹಿಂದೆ ಮುಂದೆ. ನೇರ ಎದುರಿಗೆ ಕೂತರೆ ಸರಿ ಇರುತ್ತದೆ. ಸ್ವಲ್ಪ ಮೇಲೆ ಅಥವಾ ಕೆಳಗೆ ಹೋದರೆ ಬೇರೆ ಕೇಳುತ್ತದೆ, ಯಾಕಂದರೆ ಸದ್ದಿನ ಮುಖವೇ ಓರೆಯಾಗಿರುತ್ತದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತವರಿಗೆ ಒಂದು, ಹಿಂದೆ ನಿಂತವರಿಗೆ ಇನ್ನೊಂದು. ಬಟರ್‌ವರ್ತ್ 24 ಇಟ್ಟರೆ ಎರಡೂ ಒಂದೇ ಫೇಸಿನಲ್ಲಿ ಬರುತ್ತವೆ, ಆದರೆ ಕೂಡಿದಾಗ 3 ಡೆಸಿಬೆಲ್ ಏರು.

ರೈಲಿ ಹೇಳಿದ ಉಪಾಯ ಸರಳ. ಎರಡನೇ ಆರ್ಡರಿನ, ಅಂದರೆ 12ರ, ಬಟರ್‌ವರ್ತ್ ಫಿಲ್ಟರ್ ಎರಡನ್ನು ಒಂದರ ಹಿಂದೆ ಒಂದು ಜೋಡಿಸುವುದು. ಆಗ ಸೇರುವ ಜಾಗದಲ್ಲಿ ಒಂದೊಂದೂ 6 ಡೆಸಿಬೆಲ್ ಕೆಳಗೆ, ಅಂದರೆ ಸರಿಯಾಗಿ ಅರ್ಧ. ಎರಡೂ ಒಂದೇ ಫೇಸು. ಅರ್ಧ ಅರ್ಧ ಸೇರಿದರೆ ಒಂದು. ಏರೂ ಇಲ್ಲ, ಓರೆಯೂ ಇಲ್ಲ. 1976ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಲೇಖನ ಅದು. ಬರೆದದ್ದು ಲಿಂಕ್ವಿಟ್ಸ್ ಒಬ್ಬರೇ. ಆದರೂ ಉಪಾಯ ರೈಲಿಯದ್ದು ಅಂತ ಅವರು ಕೊನೆಯವರೆಗೂ ಹೇಳಿಕೊಂಡು ಬಂದರು, ಹಾಗಾಗಿ ಎರಡು ಹೆಸರು ಉಳಿಯಿತು.

ಮೈಕ್‌ಸೆಟ್ ಮುಲ್ಕಿ

ಇಷ್ಟು ಸುಲಭವಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ ಎಲ್‌ಆರ್ 24 ಒತ್ತಿದರೆ ಎಲ್ಲ ಸರಿ ಆಯಿತಾ?

ಸುರತ್ಕಲ್ ಹಳಬ

ಇಲ್ಲ. ಒತ್ತಿದ್ದು ವಿದ್ಯುತ್ ಸಿಗ್ನಲ್ಲಿಗೆ ಮಾತ್ರ. ಹಾರ್ನಿನ ಡ್ರೈವರ್ ವೂಫರ್, ಅಂದರೆ ಬಾಸ್ ಡ್ರೈವರಿಗಿಂತ ಒಂದು ಗೇಣು ಹಿಂದೆ ಕೂತಿದ್ದರೆ ಫೇಸು ಮತ್ತೆ ತಪ್ಪುತ್ತದೆ. ಪರೀಕ್ಷೆ ಮಾಡುವ ಕ್ರಮ ಉಂಟು. ಹಾರ್ನಿನ ಪ್ಲಸ್ ಮೈನಸ್ ಬೇಕಂತಲೇ ಉಲ್ಟಾ ಮಾಡಿ. ಕ್ರಾಸ್‌ಓವರ್, ಅಂದರೆ ಎರಡೂ ಸೇರುವ ಜಾಗದ ಸ್ವರ ಬಿಡಿ. ಸದ್ದು ಪೂರ್ತಿ ಕುಸಿದರೆ ಜೋಡಣೆ ಸರಿ ಇದೆ. ಅಷ್ಟೇನೂ ಕುಸಿಯದಿದ್ದರೆ ಡಿಲೇ (ಸಿಗ್ನಲ್ ತಡಮಾಡುವ ಸೆಟ್ಟಿಂಗ್) ಬದಲಿಸುತ್ತಾ ಹೋಗಿ. ಆಳವಾದ ಗುಂಡಿ ಸಿಕ್ಕಿದ ಮೇಲೆ ಪ್ಲಸ್ ಮೈನಸ್ ವಾಪಸ್ ಸರಿ ಮಾಡಿ.

ವಾಲ್ವ್ ಮಾಮ, ಕದ್ರಿ

ಹೋದವರ ಬಗ್ಗೆ ಕೆಟ್ಟದು ಹೇಳಬಾರದು. ಒಳ್ಳೆಯ ಎಂಜಿನಿಯರು, ಒಪ್ಪಿದೆ. ಆದರೆ ಎರಡು ಸ್ಪೀಕರಿಗೆ ನಾಲ್ಕು ಆಂಪ್, ಒಂದು ಕಂಪ್ಯೂಟರು, ಇಷ್ಟೆಲ್ಲ ಯಾಕೆ? ಎಲ್‌ಎಕ್ಸ್ 521 ನಾಲ್ಕು ವೇ, ಅಂದರೆ ಸದ್ದನ್ನು ನಾಲ್ಕು ಪಾಲು ಮಾಡಿ ಬೇರೆ ಬೇರೆ ಡ್ರೈವರಿಗೆ ಕಳಿಸುವುದು. ಹಾಡುವವನ ಗಂಟಲಿನ ಮಧ್ಯದಲ್ಲಿ ಕತ್ತರಿ ಹಾಕಿ ಆಮೇಲೆ ದಾರದಲ್ಲಿ ಹೊಲಿದ ಹಾಗೆ. ನನ್ನ ಒಂದೇ ಫುಲ್‌ರೇಂಜ್ (ಎಲ್ಲ ಸ್ವರವನ್ನೂ ತಾನೇ ನುಡಿಸುವ) ಡ್ರೈವರ್, ಒಂದು ಇಎಲ್84 ವಾಲ್ವ್ ಆಂಪ್. ಕ್ರಾಸ್‌ಓವರೇ ಇಲ್ಲ. ಬೇಕಾದವರು ಬಂದು ಕೇಳಿ.

ಬಂಟ್ವಾಳ ಬಾಸ್

ಮಾಮ, ನಿಮ್ಮ ಮನೆಯಲ್ಲಿ ಕೇಳಿದ್ದೇನೆ. ಕೊಳಲು ಚಂದ. ಚೆಂಡೆ ಬಂದ ಕೂಡಲೇ ಡಬ್ಬ ಬಡಿದ ಹಾಗೆ ಆಗುತ್ತದೆ.

ವಾಲ್ವ್ ಮಾಮ, ಕದ್ರಿ

ಚೆಂಡೆ ಮನೆಯೊಳಗೆ ಕೇಳುವ ವಾದ್ಯ ಅಲ್ಲ.

ಕಾಪು ದೀಪಸ್ತಂಭ

ನನ್ನ ಹತ್ತಿರ ಎಲ್‌ಎಕ್ಸ್‌ಮಿನಿ ಇದೆ. ನಾನೇ ಕಟ್ಟಿದ್ದು. ಅಪ್ಪ ಕೊರೆಯುವ ಕೆಲಸಕ್ಕೆ ಸಹಾಯ ಮಾಡಿದರು.

ನೋಡದವರಿಗೆ: ನೆಟ್ಟಗೆ ನಿಂತ ಒಂದು ಪಿವಿಸಿ ಪೈಪು. ಅದರ ಬಾಯಲ್ಲಿ ವೂಫರ್ ಮೇಲ್ಮುಖವಾಗಿ ಕೂತಿದೆ. ಅದರ ಮೇಲೆ ಅಡ್ಡಕ್ಕೆ ಇನ್ನೊಂದು ತುಂಡು ಪೈಪು, ಅದರಲ್ಲಿ ಪುಟ್ಟ ಫುಲ್‌ರೇಂಜ್ ಡ್ರೈವರ್ ನಮ್ಮ ಕಡೆ ಮುಖ ಮಾಡಿದೆ. ಎರಡೂ ಸೀಸ್ ಕಂಪನಿಯವು, ನಾರ್ವೆಯಿಂದ ಬರುತ್ತವೆ. ಸುಮಾರು 700 ಹರ್ಟ್ಸ್‌ನಲ್ಲಿ ಒಂದಕ್ಕೊಂದು ಸೇರುತ್ತವೆ. ಮಿನಿಡಿಎಸ್‌ಪಿ ಅನ್ನುವ ಪುಟ್ಟ ಬೋರ್ಡು ಬೇರ್ಪಡಿಸುವ ಕೆಲಸ ಮಾಡುತ್ತದೆ. ನಾಲ್ಕು ಚಾನಲ್ ಆಂಪ್ ಬೇಕು, ಅದು ಹೌದು.

ವಾಲ್ವ್ ಮಾಮ, ನಿಮ್ಮ ಕತ್ತರಿ ಮಾತಿಗೆ ಒಂದು ಉತ್ತರ ಕೊಡಬೇಕು. ಸಾಮಾನ್ಯ ಎರಡು ವೇ ಪೆಟ್ಟಿಗೆಯಲ್ಲಿ ಕ್ರಾಸ್‌ಓವರ್ 2–3 ಕಿಲೋಹರ್ಟ್ಸ್ ಹತ್ತಿರ ಇರುತ್ತದೆ. ನಮ್ಮ ಕಿವಿ ತುಂಬ ಚುರುಕಾಗಿರುವ ಜಾಗವೇ ಅದು. ಇದರಲ್ಲಿ 700ರಿಂದ ಮೇಲೆ ಎಲ್ಲ ಒಂದೇ ಡ್ರೈವರ್. ನೀವು ಹೇಳುವ ಫುಲ್‌ರೇಂಜ್ ಗುಣ ಇದರಲ್ಲೂ ಉಂಟು, ಬಾಸ್ ಭಾರ ಮಾತ್ರ ಅದರ ತಲೆಯಿಂದ ಇಳಿಸಿದ್ದಾರೆ.

ಈಗ ಮಳೆಗಾಲ, ಯಕ್ಷಗಾನದ ಆಟ ಇಲ್ಲ, ತಾಳಮದ್ದಳೆಯ ಕಾಲ. ಆಕಾಶವಾಣಿ ಮಂಗಳೂರಿನ ಹಳೆಯ ತಾಳಮದ್ದಳೆ ಹಾಕಿ ಕೇಳಿ. ಅರ್ಥಧಾರಿ ಮಾತಿನ ನಡುವೆ ಉಸಿರು ಎಳೆದುಕೊಳ್ಳುವುದು, ಎದುರಿನವರು ಮೈಕಿನಿಂದ ದೂರ ಕೂತು "ಹ್ಞಾಂ" ಅನ್ನುವುದು, ಎಲ್ಲ ಅಲ್ಲಲ್ಲೇ ಇರುತ್ತದೆ. ಸ್ಪೀಕರಿನಿಂದ ಬಂತು ಅನ್ನಿಸುವುದಿಲ್ಲ.

ಸೋಲ್ಡರ್ ಹೊಗೆ, ಕುಂಜಿಬೆಟ್ಟು

ಅಕ್ಕ, ಇದನ್ನೇ ಹುಡುಕುತ್ತಿದ್ದೆ. ಸಾಮಾನು ಹೇಗೆ ತರಿಸಿದಿರಿ?

ಕಾಪು ದೀಪಸ್ತಂಭ

ಡ್ರೈವರ್ ಮತ್ತು ಬೋರ್ಡು ಹೊರಗಿನಿಂದ. ಕಸ್ಟಮ್ಸ್ ಸುಂಕ ಸೇರಿ ಕಿಸೆ ಖಾಲಿ. ಒಂದು ಕೊರಿಯರ್‌ನವರು ಪೆಟ್ಟಿಗೆ ಮಳೆಯಲ್ಲಿ ಗೇಟಿನ ಹೊರಗೆ ಇಟ್ಟು ಹೋಗಿದ್ದರು, ದೇವರ ದಯೆ ಒಳಗೆ ಪ್ಲಾಸ್ಟಿಕ್ ಸುತ್ತಿತ್ತು. ಪೈಪು, ಕ್ಯಾಪು, ಸ್ಕ್ರೂ ಎಲ್ಲ ಉಡುಪಿಯ ಹಾರ್ಡ್‌ವೇರ್ ಅಂಗಡಿಯದ್ದು. ಪ್ಲಾನಿನಲ್ಲಿ ಅಮೆರಿಕದ ಪೈಪಿನ ಅಳತೆ ಇದೆ. ನಮ್ಮಲ್ಲಿ ಮಿಲಿಮೀಟರು. ಹತ್ತಿರದ ಅಳತೆ ಆರಿಸಿ, ಸಡಿಲ ಬಿದ್ದಲ್ಲಿ ರಬ್ಬರ್ ಪಟ್ಟಿ ಸುತ್ತಿದೆವು.

ಪಣಂಬೂರು ಗಾಳಿ

ಪಿವಿಸಿ ಅಂದದ್ದಕ್ಕೆ ಹೇಳುತ್ತೇನೆ. ನಮ್ಮ ಊರಿಗೆ ಆ ವಿನ್ಯಾಸವೇ ಸರಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ಕಟ್ಟಿದರೆ ಎರಡನೇ ಮಳೆಗಾಲಕ್ಕೆ ಮೂಲೆ ಉಬ್ಬುತ್ತದೆ. ವಿನೀರ್ ಏಳುತ್ತದೆ. ಒಳಗಿನ ಹತ್ತಿಗೆ ಬೂಷ್ಟು. ಪೆಟ್ಟಿಗೆ ಬೇಕೇ ಬೇಕು ಅಂದರೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ತಗೊಳ್ಳಿ, ಕತ್ತರಿಸಿದ ಅಂಚಿಗೆಲ್ಲ ಬಣ್ಣ ಬಳಿಯಿರಿ.

ಡ್ರೈವರಿನ ಕತೆ ಬೇರೆ. ಸುತ್ತಿನ ಅಂಚು ಫೋಮ್ ಆಗಿದ್ದರೆ ಇಲ್ಲಿ ಬೇಗ ಪುಡಿಯಾಗುತ್ತದೆ, ರಬ್ಬರ್ ಇದ್ದರೆ ಬಾಳುತ್ತದೆ. ಸಮುದ್ರದ ಹತ್ತಿರ ಮನೆ ಇದ್ದವರಿಗೆ ಇನ್ನೊಂದು ತಲೆನೋವು. ಉಪ್ಪುಗಾಳಿಗೆ ಟರ್ಮಿನಲ್ ಹಸಿರಾಗುತ್ತದೆ, ಆಂಪಿನ ರಿಲೇ ಕಾಂಟ್ಯಾಕ್ಟ್ ಕರೆ ಹಿಡಿಯುತ್ತದೆ, ಒಂದು ಚಾನಲ್ ಬಂದು ಹೋಗಿ ಆಗುತ್ತದೆ. ಜನ ಸ್ಪೀಕರ್ ಹಾಳಾಯಿತು ಅಂತ ಬಿಸಾಡುತ್ತಾರೆ. ಮೊದಲು ರಿಲೇ ನೋಡಿ. ಮಳೆಗಾಲದಲ್ಲಿ ಆಂಪನ್ನು ಆಗಾಗ ಸ್ವಲ್ಪ ಹೊತ್ತು ಆನ್ ಮಾಡಿಡಿ. ಆ ಬಿಸಿಗೇ ತೇವ ಹೋಗುತ್ತದೆ.

ಗೋಳಿಬಜೆ

ಮತ್ತು ಹಲ್ಲಿ. ನಮ್ಮ ಆಂಪ್ ಒಳಗೆ ಹಲ್ಲಿ ಸತ್ತು ಎರಡು ಟ್ರಾನ್ಸಿಸ್ಟರ್ ಹೋಯಿತು. ಲಿಂಕ್ವಿಟ್ಸ್ ಅದರ ಬಗ್ಗೆ ಏನಾದರೂ ಬರೆದಿದ್ದಾರಾ?

ಬಂಟ್ವಾಳ ಬಾಸ್

😂 ಸಿಡಿಲಿನ ಮಾತು ಬಿಟ್ಟೇ ಬಿಟ್ಟಿರಿ. ಮೇ ತಿಂಗಳಲ್ಲಿ ಪ್ಲಗ್ ತೆಗೆಯದೆ ಮದುವೆಗೆ ಹೋದವರ ಆಂಪ್ ರಿಪೇರಿಯಿಂದಲೇ ಎಷ್ಟೋ ಜನರ ಹೊಟ್ಟೆ ತುಂಬುತ್ತದೆ.

ಹಳೇ ರೇಡಿಯೋ

ಅಮರ್ ಬೋಸ್ 2013ರಲ್ಲಿ ತೀರಿಕೊಂಡಾಗ ಎಲ್ಲ ಕಡೆ ಸುದ್ದಿ. ಈ ಪುಣ್ಯಾತ್ಮನಿಗೆ ನಮ್ಮ ಪೇಪರಿನಲ್ಲಿ ಒಂದು ಸಾಲಿಲ್ಲ. ಬೋಸ್ ನಮ್ಮವರು ಅನ್ನುವ ಅಭಿಮಾನ ಇರಬಹುದು.

ಮಣಿಪಾಲ ಹಾಸ್ಟೆಲ್

ನಮ್ಮವರು ಅಂದರೆ ಹೇಗೆ? ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ.

ಹಳೇ ರೇಡಿಯೋ

ಅಪ್ಪ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ, ಬ್ರಿಟಿಷರಿಂದ ತಪ್ಪಿಸಿಕೊಂಡು ಹೋದವರು. ಅಷ್ಟು ಸಾಕು ಮಗ. ಮೇಲಾಗಿ ಕಂಪನಿಯ ಹೆಚ್ಚಿನ ಪಾಲು ತಾನು ಪಾಠ ಹೇಳಿದ ಎಂಐಟಿಗೆ ಕೊಟ್ಟು ಹೋದವರು. 2011ರಲ್ಲಿ. ಅಮೆರಿಕದ ಎಂಐಟಿ, ನಿನ್ನ ಮಣಿಪಾಲದ್ದಲ್ಲ.

ಸುರತ್ಕಲ್ ಹಳಬ

ಬೋಸ್ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಇಬ್ಬರೂ ಕೋಣೆಯ ಪ್ರತಿಫಲನದ ಬಗ್ಗೆಯೇ ತಲೆ ಕೆಡಿಸಿಕೊಂಡವರು, ಆದರೆ ಹೋದ ದಾರಿ ಬೇರೆ. 1968ರ ಬೋಸ್ 901ರಲ್ಲಿ ಒಂಬತ್ತು ಡ್ರೈವರ್. ಒಂದು ಮುಂದೆ, ಎಂಟು ಹಿಂದಿನ ಗೋಡೆಯ ಕಡೆ. ಸದ್ದು ಗೋಡೆಗೆ ಬಡಿದು ಹರಡಲಿ, ಸಭಾಂಗಣದ ಅನುಭವ ಬರಲಿ ಅಂತ. ಬಂತು ಕೂಡ. ಆದರೆ ಒಬ್ಬ ಹಾಡುಗಾರ ಗೋಡೆಯುದ್ದಕ್ಕೂ ಹರಡಿದ ಹಾಗೆ ಕೇಳುತ್ತಾನೆ ಅಂತ ದೂರಿದವರೂ ಇದ್ದರು.

ಲಿಂಕ್ವಿಟ್ಸ್ ಹೇಳಿದ್ದು ಹೀಗೆ. ಕೋಣೆಯನ್ನು ತೊಲಗಿಸಲು ಆಗುವುದಿಲ್ಲ. ಗೋಡೆಯಿಂದ ವಾಪಸ್ ಬರುವ ಸದ್ದು ನೇರ ಬಂದ ಸದ್ದಿನ ಬಣ್ಣದಲ್ಲೇ ಇರಬೇಕು, ಮತ್ತು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರಬೇಕು. ಆಗ ಮಿದುಳು ಅದನ್ನು ಬೇರೆ ಮಾಡಿ ಬದಿಗೆ ಇಡುತ್ತದೆ. 6 ಮಿಲಿಸೆಕೆಂಡ್ ಅಂದರೆ ಸದ್ದು 2 ಮೀಟರು ಓಡುವ ಹೊತ್ತು. ಹೋಗಿ ಬರುವುದಕ್ಕೆ ಲೆಕ್ಕ ಹಾಕಿದರೆ ಸ್ಪೀಕರ್ ಗೋಡೆಯಿಂದ ಒಂದು ಮೀಟರ್ ದೂರ ನಿಲ್ಲಬೇಕು. ಸಾಮಾನ್ಯ ಪೆಟ್ಟಿಗೆ ಎದುರಿಗೆ ಒಂದು ಬಣ್ಣ, ಬದಿಗೆ ಇನ್ನೊಂದು ಬಣ್ಣದ ಸದ್ದು ಬಿಡುತ್ತದೆ. ಅವರು ಪೆಟ್ಟಿಗೆ ಕಿತ್ತುಹಾಕಿದ್ದು ಅದಕ್ಕೆ.

ಡೈಪೋಲಿಗೆ ಇನ್ನೊಂದು ಲಾಭ ಉಂಟು. ಬದಿಗೆ, ಮೇಲೆ, ಕೆಳಗೆ ಅದರ ಸದ್ದು ಹೋಗುವುದೇ ಇಲ್ಲ, ಮುಂದಿನದ್ದೂ ಹಿಂದಿನದ್ದೂ ಒಂದನ್ನೊಂದು ಕಳೆಯುತ್ತವೆ. ಎದುರಿಗೆ ಕೂತವರಿಗೆ ಅಷ್ಟೇ ಜೋರು ಕೇಳಿಸಿದರೂ ಕೋಣೆಗೆ ಸುರಿಯುವ ಒಟ್ಟು ಶಕ್ತಿ ಸಾಮಾನ್ಯ ಬಾಸ್ ಪೆಟ್ಟಿಗೆಯ ಮೂರನೇ ಒಂದು ಪಾಲು. ಗುಂಯ್ ಅನ್ನುವುದು ಕಮ್ಮಿ.

ಪಣಂಬೂರು ಗಾಳಿ

ಗುಂಯ್ ಅಂದರೆ ಈಗಿನ ಫ್ಲ್ಯಾಟುಗಳ ಶಾಪ. 12 ಅಡಿ ಉದ್ದದ ಕೋಣೆ, ಮೇಲೆ ಸ್ಲ್ಯಾಬು, ಕೆಳಗೆ ವಿಟ್ರಿಫೈಡ್ ಟೈಲ್ಸ್, ನಾಲ್ಕೂ ಕಡೆ ಗಟ್ಟಿ ಗೋಡೆ. 47 ಹರ್ಟ್ಸ್ ಹತ್ತಿರ ಒಂದು ಬಾಸ್ ಸ್ವರ ಹಿಡಿದರೆ ಬಿಡುವುದೇ ಇಲ್ಲ. ಹಳೆಯ ಹಂಚಿನ ಮನೆಯಲ್ಲಿ ಈ ಕಾಟ ಇರಲಿಲ್ಲ. ಮಾಡು ಓರೆ, ಹಂಚಿನ ಸಂದಿಯಿಂದ ಬಾಸ್ ಹೊರಗೆ. ನನ್ನ ಅಜ್ಜನ ಮನೆಯಲ್ಲಿ ಸಾದಾ ಪೆಟ್ಟಿಗೆ ಇಟ್ಟರೂ ಚಂದ ಕೇಳುತ್ತದೆ.

ವಾಲ್ವ್ ಮಾಮ, ಕದ್ರಿ

ಅದಕ್ಕೇ ಹೇಳಿದ್ದು. ಲಿಂಕ್ವಿಟ್ಸ್ ಬೇಡ, ಹಂಚು ಸಾಕು.

ಕಾಪು ದೀಪಸ್ತಂಭ

ಒಂದು ಮೀಟರ್ ದೂರದ ಕತೆ ಕೇಳಿ. ಹಾಲ್‌ನ ಮಧ್ಯದಲ್ಲಿ ಎರಡು ಪೈಪು ನಿಂತಿವೆ. ಬಂದವರೆಲ್ಲ "ನೀರಿನ ಕನೆಕ್ಷನ್ನಾ?" ಅಂತ ಕೇಳುತ್ತಾರೆ. ಜುಲೈ ತಿಂಗಳಲ್ಲಿ ಅಮ್ಮ ಎರಡು ಸ್ಪೀಕರಿನ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಒದ್ದೆ ಬೆಡ್‌ಶೀಟು ತೂಗಿದ ದಿನ ಹಾಲ್‌ನ ಮರುದನಿ ಕಮ್ಮಿ ಆಗುವುದು ನಿಜ, ಅಳೆದೂ ನೋಡಿದ್ದೇನೆ.

ಮಣಿಪಾಲ ಹಾಸ್ಟೆಲ್

ನನ್ನ ಹತ್ತಿರ ಅಷ್ಟು ದುಡ್ಡಿಲ್ಲ. ಸೀಸ್ ಬದಲು ಇಲ್ಲಿ ಸಿಗುವ ಅಗ್ಗದ ಡ್ರೈವರ್ ಹಾಕಿ ಎಲ್‌ಎಕ್ಸ್‌ಮಿನಿ ಕಟ್ಟಬಹುದಾ? ಸೆಟ್ಟಿಂಗ್ ಫೈಲ್ ಯಾರಾದರೂ ಕಳಿಸಿದರೆ ಆಯಿತು. ಈಗ ಅವರು ಇಲ್ಲವಲ್ಲ, ಪ್ಲಾನಿಗೆ ಕಾಸು ಯಾರಿಗೆ ಕೊಡುವುದು?

ಸುರತ್ಕಲ್ ಹಳಬ

ಮೊದಲ ಪ್ರಶ್ನೆಗೆ: ಇಲ್ಲ. ಆ ಫೈಲಿನಲ್ಲಿರುವ ಇಕ್ವಲೈಜರ್ ಆ ಎರಡು ಡ್ರೈವರ್, ಆ ಪೈಪಿಗೆ ಮಾತ್ರ ಹೊಲಿದದ್ದು. ಡ್ರೈವರ್ ಬದಲಿಸಿದರೆ ಎಲ್ಲ ಮೊದಲಿಂದ ಅಳೆಯಬೇಕು.

ಕಾಪು ದೀಪಸ್ತಂಭ

ಎರಡನೆಯದಕ್ಕೆ ನಾನು ಹೇಳುತ್ತೇನೆ. ಫೈಲ್ ಕಳಿಸುವುದಿಲ್ಲ ತಮ್ಮ. ಅವರು ಸಿದ್ಧಾಂತ ಪೂರ್ತಿ ಪುಕ್ಕಟೆ ಕೊಟ್ಟರು, ಸಿದ್ಧ ವಿನ್ಯಾಸಕ್ಕೆ ಮಾತ್ರ ಕಾಸು ಇಟ್ಟರು. ತೀರಿಕೊಂಡರು ಅಂತ ಆ ವ್ಯವಹಾರ ರದ್ದಾಗುತ್ತದಾ?

ಬಂಟ್ವಾಳ ಬಾಸ್

ಅಕ್ಕ, ಕಲಿಯುವ ಹುಡುಗ. ಒಂದು ಫೈಲು ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಕಾಪು ದೀಪಸ್ತಂಭ

ಕಲಿಯುವವನಾದರೆ ಪುಕ್ಕಟೆ ಇರುವ ಭಾಗದಲ್ಲೇ ಕಲಿಯಲು ಬೇಕಾದದ್ದು ಉಂಟು. ಫೈಲಿನಲ್ಲಿ ಬರೀ ಅಂಕಿಗಳು.

ಸೋಲ್ಡರ್ ಹೊಗೆ, ಕುಂಜಿಬೆಟ್ಟು

ನಾನೂ ಅಕ್ಕನ ಪಕ್ಷ. ಫೈಲ್ ಹಂಚುವ ಮಾತು ಇಲ್ಲಿ ಬೇಡ.

ಮಣಿಪಾಲ, ನಿನಗೆ ಒಂದು ಅಗ್ಗದ ದಾರಿ ಹೇಳುತ್ತೇನೆ. ‘ಲಿಂಕ್ವಿಟ್ಸ್ ಟ್ರಾನ್ಸ್‌ಫಾರ್ಮ್’ ಅಂತ ಅವರದ್ದೇ ಒಂದು ಸರ್ಕ್ಯೂಟು. ಒಂದು ಆಪ್‌ಆಂಪ್ (ಸಿಗ್ನಲ್ ಏರಿಸುವ ಐಸಿ), ಕೆಲವು ರೆಸಿಸ್ಟರ್, ಕೆಪಾಸಿಟರ್. ಟಿಎಲ್072 ಐಸಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಎಲ್ಲ ಕಡೆ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ವೂಫರ್ ಇಡು. ಅದರ ರೆಸೊನೆನ್ಸ್ (ತಾನಾಗಿ ಅದುರುವ ಸ್ವರ) 60 ಹರ್ಟ್ಸ್, ಕ್ಯೂ (ಆ ಅದುರು ಎಷ್ಟು ಎಳೆಯುತ್ತದೆ ಅನ್ನುವ ಅಂಕಿ) 1 ಬಂತು ಅಂತ ಇಟ್ಟುಕೋ. ಈ ಸರ್ಕ್ಯೂಟು ಅದನ್ನು ಅಳಿಸಿ 30 ಹರ್ಟ್ಸ್, ಕ್ಯೂ 0.7 ಇದ್ದಂತೆ ಮಾಡುತ್ತದೆ. ಲೆಕ್ಕ ಎಲ್ಲ ಅವರ ಸೈಟಿನಲ್ಲೇ ಇದೆ, ಅದಕ್ಕೆ ಕಾಸಿಲ್ಲ.

ಸುರತ್ಕಲ್ ಹಳಬ

ಪುಕ್ಕಟೆ ಅಲ್ಲ ಅನ್ನುವುದನ್ನೂ ಹೇಳಿ. ಒಂದು ಆಕ್ಟೇವ್ ಕೆಳಗೆ, ಅಂದರೆ 60ರಿಂದ 30ಕ್ಕೆ ಇಳಿಸಬೇಕಾದರೆ ಅಡಿಯಲ್ಲಿ 12 ಡೆಸಿಬೆಲ್ ಏರಿಸಬೇಕು. ಅಂದರೆ 16 ಪಟ್ಟು ವಾಟ್ಸ್, ಕೋನ್ ಓಡಾಟ ನಾಲ್ಕು ಪಟ್ಟು. 5 ವಾಟ್ ಸಾಕಾಗುತ್ತಿದ್ದ ಕಡೆ 80 ಬೇಕು. ಕೋನ್‌ಗೆ ಅಷ್ಟು ಓಡಲು ಜಾಗ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಟಕ್ ಟಕ್ ಅಂತ ತಳಕ್ಕೆ ಬಡಿಯುತ್ತದೆ, ಆಮೇಲೆ ಕಾಯಿಲ್ ಸುಟ್ಟ ವಾಸನೆ.

ಮಣಿಪಾಲ ಹಾಸ್ಟೆಲ್

ಇದು ಮಾಡಬಹುದು ಅನ್ನಿಸುತ್ತದೆ. ಥ್ಯಾಂಕ್ಸ್. ಫೈಲ್ ಕೇಳಿದ್ದು ಬಿಡಿ.

ವಾಲ್ವ್ ಮಾಮ, ಕದ್ರಿ

ಹುಡುಗನಿಗೆ ಒಂದು ಕ್ಲಾಸ್ ಎ ಆಂಪ್ (ಹಾಡು ಇಲ್ಲದಾಗಲೂ ಕರೆಂಟು ಎಳೆದು ಬಿಸಿಯಾಗುವ ಬಗೆ) ಕಟ್ಟಲು ಹೇಳಿ. ಜಾನ್ ಲಿನ್ಸ್ಲೆ ಹುಡ್ 1969ರಲ್ಲಿ ವೈರ್‌ಲೆಸ್ ವರ್ಲ್ಡ್‌ನಲ್ಲಿ ಕೊಟ್ಟ ಸರ್ಕ್ಯೂಟು. ನಾಲ್ಕೇ ಟ್ರಾನ್ಸಿಸ್ಟರ್, 10 ವಾಟ್. ನಾವೆಲ್ಲ 2ಎನ್3055 ಟ್ರಾನ್ಸಿಸ್ಟರ್ ಹಾಕಿ ಕಟ್ಟಿದವರು. ಅವರು 2004ರಲ್ಲಿ ಹೋದರು. ಆಗ ಯಾರು ನೆನಪು ಮಾಡಿದರು?

ಗೋಳಿಬಜೆ

ಕ್ಲಾಸ್ ಎ ಮಂಗಳೂರಿನಲ್ಲಿ? ಏಪ್ರಿಲ್‌ನಲ್ಲಿ ಅದರ ಹೀಟ್‌ಸಿಂಕ್ ಮೇಲೆ ನೀರುದೋಸೆ ಹುಯ್ಯಬಹುದು.

ವಾಲ್ವ್ ಮಾಮ, ಕದ್ರಿ

ಡಿಸೆಂಬರ್‌ನಲ್ಲಿ ಕೇಳು. ಎಲ್ಲ ಕಾಲಕ್ಕೂ ಒಂದೇ ಆಂಪ್ ಯಾಕೆ ಬೇಕು ನಿನಗೆ?

ಚೆಂಡೆಪೆಟ್ಟು

ತಡವಾಗಿ ಬಂದೆ. ಮೇಲೆ ಚೆಂಡೆ ಮನೆಯೊಳಗಿನ ವಾದ್ಯ ಅಲ್ಲ ಅಂದರಲ್ಲ, ಅಲ್ಲಿಂದ ಹೇಳುತ್ತೇನೆ. ನಾನು ಬಾರಿಸುವವನು. ಮನೆಯಲ್ಲಿ ರೆಕಾರ್ಡಿಂಗ್ ಕೇಳುವುದು ನನಗೆ ಯಾವಾಗಲೂ ಬೇಸರದ ಕೆಲಸ. ಪೆಟ್ಟಿನ ಮೊದಲ ಚೂರು, ಕೋಲು ಚರ್ಮಕ್ಕೆ ತಾಗುವುದು, ಅದೇ ಇರುವುದಿಲ್ಲ. ಬರೀ ಹಿಂದಿನ ನಾದ. ಎಷ್ಟು ಜೋರು ಮಾಡಿದರೂ ಅಷ್ಟೇ.

ಕಾಪುವಿನ ಅಕ್ಕನ ಮನೆಯಲ್ಲಿ ಒಮ್ಮೆ ಕೇಳಿದ್ದೇನೆ. ಮೊದಲ ಪೆಟ್ಟು ಬಂತು. ಮದ್ದಳೆ ಚೆಂಡೆಗಿಂತ ಸ್ವಲ್ಪ ಹಿಂದೆ, ಎಡಕ್ಕೆ ಕೂತಿದೆ ಅಂತ ಗೊತ್ತಾಯಿತು. ರಂಗಸ್ಥಳದಲ್ಲಿ ಕೇಳುವಷ್ಟು ಜೋರು ಬರಲಿಲ್ಲ, ಅದನ್ನೂ ಹೇಳಬೇಕು. ಜೋರು ಮಾಡಿದಾಗ ಚಿಕ್ಕ ವೂಫರ್ ಸುಸ್ತಾಯಿತು. ಅಕ್ಕ ಕೂಡಲೇ ಬಂದು ವಾಲ್ಯೂಮ್ ಇಳಿಸಿದರು.

ಲಿಂಕ್ವಿಟ್ಸ್ ಬಗ್ಗೆ ಒಂದು ವಿಷಯ ನನಗೆ ತುಂಬ ಹಿಡಿಸಿತು. ಅವರು ಸಂಗೀತ ಕಛೇರಿಗೆ ಹೋಗಿ, ಕಿವಿಯ ಪಕ್ಕ ಪುಟ್ಟ ಮೈಕು ಇಟ್ಟುಕೊಂಡು ತಾವೇ ರೆಕಾರ್ಡ್ ಮಾಡಿ, ಮನೆಗೆ ಬಂದು ತಮ್ಮ ಸ್ಪೀಕರಿನಲ್ಲಿ ಹಾಕಿ ಕೇಳುತ್ತಿದ್ದರಂತೆ. ತಾನು ಅಲ್ಲಿ ಕೂತು ಕೇಳಿದ್ದು ಇಲ್ಲಿ ಬಂತಾ ಅಂತ. ಅಳತೆ ಉಪಕರಣ ಮಾಡುವುದೇ ಕಸುಬಾಗಿದ್ದ ಮನುಷ್ಯ ಕೊನೆಯ ಪರೀಕ್ಷೆಗೆ ಕಛೇರಿಗೆ ಹೋಗುತ್ತಿದ್ದರು ನೋಡಿ. ನಮ್ಮಲ್ಲಿ ಸ್ಪೀಕರ್ ಮಾತಾಡುವವರಲ್ಲಿ ಅರ್ಧ ಜನ ಒಂದು ಆಟಕ್ಕೂ ಬರುವುದಿಲ್ಲ.

ವಾಲ್ವ್ ಮಾಮ, ಕದ್ರಿ

ಈ ಮಾತು ಒಪ್ಪಿದೆ. ಚೆಂಡೆಯ ಬಗ್ಗೆ ಹೇಳಿದ್ದು ಒಪ್ಪಿಲ್ಲ.

ಸುರತ್ಕಲ್ ಹಳಬ

ಅವರಿಗೂ ಒಂದು ಟೀಕೆ ಇದೆ, ಸುಮ್ನೆ ಹೊಗಳಿ ಮುಗಿಸುವುದು ಬೇಡ. ಎಲ್‌ಆರ್ 24ರಲ್ಲಿ ಎರಡು ಡ್ರೈವರ್ ಒಂದಕ್ಕೊಂದು ಸರಿ ಇರುತ್ತವೆ, ಆದರೆ ಕೂಡಿದ ಸದ್ದಿನ ಫೇಸು ಕೆಳಗಿನಿಂದ ಮೇಲಕ್ಕೆ ಹೋಗುತ್ತಾ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಚೌಕ ಅಲೆ ಕೊಟ್ಟರೆ ಚೌಕವಾಗಿ ಬರುವುದಿಲ್ಲ. ಇದು ಕಿವಿಗೆ ಗೊತ್ತಾಗುತ್ತದಾ ಇಲ್ಲವಾ ಅಂತ ಈಗಲೂ ಜಗಳ ಉಂಟು. ನನ್ನ ಕಿವಿಗೆ ಗೊತ್ತಾಗಿಲ್ಲ. ಮಾಮನ ಒಂದೇ ಡ್ರೈವರಿಗೆ ಈ ವಿಷಯದಲ್ಲಿ ಪೂರ್ತಿ ಅಂಕ ಕೊಡಬೇಕು.

ವಾಲ್ವ್ ಮಾಮ, ಕದ್ರಿ

ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ.

ಮೈಕ್‌ಸೆಟ್ ಮುಲ್ಕಿ

ಹಳಬರೇ, ನೀವು ಹೇಳಿದ ಪರೀಕ್ಷೆ ಮಾಡಿದೆ. ಕಿನ್ನಿಗೋಳಿ ಕಡೆ ಒಂದು ತಾಳಮದ್ದಳೆ ಇತ್ತು, ಜನ ಬರುವ ಮೊದಲು ಹಾರ್ನ್ ಉಲ್ಟಾ ಕೊಟ್ಟು 1.2 ಕಿಲೋಹರ್ಟ್ಸ್ ಬಿಟ್ಟೆ. ಸದ್ದು ಸ್ವಲ್ಪವೇ ಇಳಿಯಿತು. ಆಮೇಲೆ ವೂಫರ್‌ಗೆ ಡಿಲೇ ಕೊಡುತ್ತಾ ಹೋದೆ. 0.6 ಮಿಲಿಸೆಕೆಂಡ್ ಹತ್ತಿರ ಬಂದಾಗ ಸ್ವರವೇ ಮಾಯ! ವಾಪಸ್ ಸರಿ ಮಾಡಿದ ಮೇಲೆ ಮಾತು ಎಷ್ಟು ಬಿಡಿಸಿ ಕೇಳಿತು ಅಂದರೆ, ಹಿಂದಿನ ಸಾಲಿನಲ್ಲಿ ಕೂತ ಅಜ್ಜ ಬಂದು "ಹೊಸ ಮೈಕಾ?" ಅಂತ ಕೇಳಿದರು. ಕಮಿಟಿಯವರು ಮಾತ್ರ "ಸೌಂಡ್ ಕಮ್ಮಿ ಆಯಿತು, ಏರಿಸಿ" ಅಂದರು.

ಸುರತ್ಕಲ್ ಹಳಬ

0.6 ಅಂದರೆ 20 ಸೆಂಟಿಮೀಟರ್. ಹಾರ್ನಿನ ಉದ್ದ ಅಳೆದು ನೋಡಿ, ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಮೈಕ್‌ಸೆಟ್ ಮುಲ್ಕಿ

ಹೌದು, ಒಂದು ಗೇಣು!

ಸೋಲ್ಡರ್ ಹೊಗೆ, ಕುಂಜಿಬೆಟ್ಟು

ಸೈಟ್ ಪೂರ್ತಿ ಇಳಿಸಿಟ್ಟೆ, ಚಿತ್ರಗಳ ಸಮೇತ. ಬೇಕಾದವರು ಪೆನ್‌ಡ್ರೈವ್ ತನ್ನಿ. ಪುಕ್ಕಟೆ ಇದ್ದ ಪುಟಗಳು ಮಾತ್ರ, ಮೊದಲೇ ಹೇಳಿದ್ದೇನೆ.

ಕೇಳುವ ಸಭೆ ಮುಂದಿನ ಭಾನುವಾರ ಬೆಳಿಗ್ಗೆ ಕಾಪು ಅಕ್ಕನ ಮನೆಯಲ್ಲಿ. ಅವರು ಒಪ್ಪಿದ್ದಾರೆ. ಚೆಂಡೆಪೆಟ್ಟು ತಮ್ಮ ರೆಕಾರ್ಡಿಂಗ್ ತರುತ್ತಾರೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಯಾರಾದರೂ ಒಳ್ಳೆಯ ಸಿಡಿ ಇದ್ದರೆ ತನ್ನಿ. ಮಾಮ, ನಿಮ್ಮ ವಾಲ್ವ್ ಆಂಪ್ ಮತ್ತು ಸ್ಪೀಕರ್ ಕೂಡ ಬರಲಿ. ಒಂದೇ ಹಾಡು ಎರಡರಲ್ಲೂ ಹಾಕೋಣ.

ಕಾಪು ದೀಪಸ್ತಂಭ

ಮಳೆ ಬಂದರೆ ಬಟ್ಟೆ ಹಗ್ಗ ಇರುತ್ತದೆ, ಬಗ್ಗಿ ಬನ್ನಿ. ಪತ್ರೊಡೆ ಮಾಡಿಸುತ್ತೇನೆ, ಎಷ್ಟು ಜನ ಅಂತ ಶುಕ್ರವಾರದ ಒಳಗೆ ಹೇಳಿ.

ವಾಲ್ವ್ ಮಾಮ, ಕದ್ರಿ

ಬರುತ್ತೇನೆ. ಟ್ರಾನ್ಸ್‌ಫಾರ್ಮರ್ ಭಾರ ಉಂಟು, ಎತ್ತಲು ಇಬ್ಬರನ್ನು ಕಳಿಸಿ. ಹಾಸ್ಟೆಲ್ ಹುಡುಗ ಇದ್ದಾನಲ್ಲ, ಅವನೊಬ್ಬ.

ಮಣಿಪಾಲ ಹಾಸ್ಟೆಲ್

ಪತ್ರೊಡೆ ಇದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇನೆ ಮಾಮ.